ಮಿಣುಕುವ ಎಲ್‌ಇಡಿ ದೀಪ: ಕಾರಣ ಮತ್ತು ಪರಿಹಾರ

(ದೆಹಲಿಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ವಿದ್ಯುತ್ ತಜ್ಞನಲ್ಲ. ಸರ್ಕಾರದ ಕಡತಗಳನ್ನೂ ಕೈಪಿಡಿಗಳನ್ನೂ ಕನ್ನಡಕ್ಕೆ ತರುವ ಭಾಷಾಂತರಕಾರ. ಆದರೂ ಈ ವಿಷಯವನ್ನು ಕುರಿತು ಮಾತನಾಡಲು ಒಪ್ಪಿಕೊಂಡುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಾವಿದ್ದ ಬಾಡಿಗೆ ಮನೆಯ ಪಡಸಾಲೆಯಲ್ಲಿ, ಸ್ವಿಚ್ಚನ್ನು ಆರಿಸಿದ ಮೇಲೂ ದೀಪವು ಕ್ಷಣಕ್ಕೊಮ್ಮೆ ಮಿಣುಕುತ್ತಿತ್ತು. ಊರಿನಿಂದ ಬಂದಿದ್ದ ನನ್ನ ತಾಯಿ ರಾತ್ರಿಯಿಡೀ ನಿದ್ರಿಸದೆ, ಬೆಳಿಗ್ಗೆ ಶಾಂತಿ ಮಾಡಿಸುವ ಮಾತೆತ್ತಿದರು. ಎರಡು ಹೊಸ ಬಲ್ಬುಗಳನ್ನು ತಂದು ಹಾಕಿದೆವು; ಅವೂ ಮಿಣುಕಿದವು. ದೋಷವಿದ್ದುದು ಬಲ್ಬಿನಲ್ಲಲ್ಲ.

2015ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಉಜಾಲಾ ಯೋಜನೆಯನ್ನು ಆರಂಭಿಸಿದ ತರುವಾಯ ಎಲ್‌ಇಡಿ ದೀಪವು ಸಾಮಾನ್ಯ ಜನರ ಮನೆಗಳಿಗೂ ಬಂದಿತು. 60 ವ್ಯಾಟಿನ ಹಳೆಯ ಬಲ್ಬಿದ್ದ ಜಾಗದಲ್ಲಿ 7 ಅಥವಾ 9 ವ್ಯಾಟಿನ ದೀಪ ಬಂದು ಕುಳಿತಿತು. ದೀಪ ಬದಲಾಯಿತೇ ಹೊರತು ತಂತಿ, ಸ್ವಿಚ್ಚು, ಹೋಲ್ಡರುಗಳು ಬಹುತೇಕ ಮನೆಗಳಲ್ಲಿ ಹಳೆಯವೇ ಉಳಿದವು. ತೊಂದರೆಯ ಮೂಲ ಹಲವೊಮ್ಮೆ ಇಲ್ಲಿಯೇ ಇದೆ.

ನಮ್ಮ ಮನೆಗಳಿಗೆ ಬರುವ ಪರ್ಯಾಯ ಪ್ರವಾಹವು ಸೆಕೆಂಡಿಗೆ 50 ಆವರ್ತಗಳದ್ದು. ಅಂದರೆ ಸೆಕೆಂಡಿಗೆ 100 ಬಾರಿ ಅದು ಶೂನ್ಯವನ್ನು ಮುಟ್ಟುತ್ತದೆ. ಹಳೆಯ ಬಲ್ಬಿನ ಕಾದ ತಂತು ಅಷ್ಟರೊಳಗೆ ಆರಲಾರದು. ಆದುದರಿಂದ ಪ್ರವಾಹದ ಏರುಪೇರುಗಳನ್ನು ಅದು ತನ್ನ ಬಿಸಿಯಲ್ಲಿಯೇ ನುಂಗಿಕೊಳ್ಳುತ್ತಿತ್ತು. ಎಲ್‌ಇಡಿಗೆ ಈ ಸೈರಣೆಯಿಲ್ಲ. ಅದರ ಬುಡದಲ್ಲಿರುವ ಪುಟ್ಟ ವಿದ್ಯುನ್ಮಂಡಲವು ಪರ್ಯಾಯ ಪ್ರವಾಹವನ್ನು ಏಕಮುಖ ಪ್ರವಾಹವನ್ನಾಗಿ ಪರಿವರ್ತಿಸುತ್ತದೆ. ಅಲ್ಲಿರುವ ಕೆಪಾಸಿಟರು ಏರಿಳಿತವನ್ನು ಸಮಗೊಳಿಸುತ್ತದೆ. ಅಗ್ಗದ ದೀಪಗಳಲ್ಲಿ ಈ ಭಾಗವು ತೀರ ಕಿರಿದಾಗಿರುವುದುಂಟು. ಗಾಳಿಯಾಡದ ಮುಚ್ಚಿದ ಗೋಳದೊಳಗೆ ದೀಪವನ್ನಿಟ್ಟರೆ ಕೆಪಾಸಿಟರಿನೊಳಗಿನ ದ್ರವವು ಬಿಸಿಗೆ ಬೇಗನೆ ಒಣಗಿ, ದೀಪವು ವರ್ಷ ತುಂಬುವುದರೊಳಗೇ ಕಣ್ಣು ಮಿಟುಕಿಸತೊಡಗಬಹುದು. ಅಂಥ ದೀಪವನ್ನು ಬದಲಾಯಿಸುವುದಲ್ಲದೆ ಬೇರೆ ದಾರಿಯಿಲ್ಲ. ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತನ್ನು ನೋಡಿ ಕೊಳ್ಳಬೇಕು.

ಆದ್ದರಿಂದ ಮೊದಲ ಪರೀಕ್ಷೆ ಅತ್ಯಂತ ಸರಳವಾದುದು. ಮುಖ್ಯ ಸ್ವಿಚ್ಚನ್ನು ಆರಿಸಿ, ಮಿಣುಕುವ ದೀಪವನ್ನು ತೆಗೆದು ಇನ್ನೊಂದು ಕೋಣೆಯ ಹೋಲ್ಡರಿಗೆ ಹಾಕಿ ನೋಡಬೇಕು. ದೋಷವು ದೀಪದೊಡನೆ ಹೋದರೆ ತಪ್ಪು ದೀಪದ್ದು. ಹಳೆಯ ಜಾಗದಲ್ಲಿಯೇ ಉಳಿದರೆ ಹೋಲ್ಡರಿನದ್ದೋ ತಂತಿಯದ್ದೋ ಆಗಿರುತ್ತದೆ. ಒತ್ತಿ ತಿರುಗಿಸುವ ನಮ್ಮ ಹೋಲ್ಡರುಗಳ ಒಳಗೆ ಸ್ಪ್ರಿಂಗಿನ ಎರಡು ಕಡ್ಡಿಗಳಿರುತ್ತವೆ. ಹತ್ತಾರು ವರ್ಷ ಹಳೆಯ ಬಲ್ಬುಗಳ ಬಿಸಿಯನ್ನುಂಡು ಅವುಗಳ ಬಿಗಿ ಸಡಿಲಿಸಿ, ತುದಿ ಕಪ್ಪಾಗಿರುತ್ತದೆ. ಮುಂಬಯಿಯ ಹಳೆಯ ಚಾಳುಗಳಲ್ಲಿ ವಾಸಿಸುವ ಮಿತ್ರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹೋಲ್ಡರನ್ನೇ ಬದಲಾಯಿಸುವುದು ಲೇಸು.

ಇನ್ನು ನಮ್ಮ ಮನೆಯ ಪ್ರಸಂಗ. ಆ ಸ್ವಿಚ್ಚಿನಲ್ಲಿ, ಕತ್ತಲಲ್ಲಿ ಕಾಣಲೆಂದು ಒಂದು ಕೆಂಪು ಸೂಚಕ ದೀಪವಿತ್ತು. ಸ್ವಿಚ್ಚು ಆರಿದಾಗ ಆ ಸೂಚಕವನ್ನು ಹೊತ್ತಿಸುವ ಅತ್ಯಲ್ಪ ಪ್ರವಾಹವು ಬಲ್ಬಿನ ಮೂಲಕವೇ ಹಾದುಹೋಗುತ್ತದೆ. ತಂತುವಿನ ಬಲ್ಬು ಅದನ್ನು ಲೆಕ್ಕಿಸುತ್ತಿರಲಿಲ್ಲ. ಎಲ್‌ಇಡಿಯ ಕೆಪಾಸಿಟರಾದರೋ ಹನಿಹನಿಯಾಗಿ ಬಂದುದನ್ನು ಕೂಡಿಟ್ಟು, ತುಂಬಿದಾಗ ಒಮ್ಮೆ ಹೊಳೆದು, ಬರಿದಾಗಿ, ಮತ್ತೆ ಕೂಡಿಡತೊಡಗುತ್ತದೆ. ಮೆಟ್ಟಿಲಿನ ಎರಡು ಸ್ವಿಚ್ಚುಗಳ ದೀಪದಲ್ಲಿ, ಕೊಳವೆಯೊಳಗೆ ಜೊತೆಜೊತೆಯಾಗಿ ಸಾಗುವ ಉದ್ದನೆಯ ತಂತಿಗಳೂ ಇದೇ ಪರಿಣಾಮವನ್ನು ಉಂಟುಮಾಡಬಲ್ಲವು. ಸೂಚಕವನ್ನು ತೆಗೆಸಿದರೆ ನಮ್ಮಲ್ಲಿ ಎಲ್ಲವೂ ಸರಿಹೋಗಬೇಕಿತ್ತು. ಹೋಗಲಿಲ್ಲ. ಬಂದ ಎಲೆಕ್ಟ್ರಿಷಿಯನ್ ಪರೀಕ್ಷಿಸಿದಾಗ, ಫೇಸ್ ತಂತಿಗೆ ಇರಬೇಕಾದ ಸ್ವಿಚ್ಚನ್ನು ನ್ಯೂಟ್ರಲ್ ತಂತಿಗೆ ಅಳವಡಿಸಿರುವುದು ಕಂಡುಬಂದಿತು. ಅಂದರೆ ಸ್ವಿಚ್ಚು ಆರಿದ್ದರೂ ಹೋಲ್ಡರಿನಲ್ಲಿ 230 ವೋಲ್ಟ್ ಜೀವಂತವಾಗಿತ್ತು. ಗೋಡೆಯ ಸ್ವಿಚ್ಚನ್ನಷ್ಟೇ ನಂಬಿ ನಾನು ಎರಡು ಸಲ ಆ ಹೋಲ್ಡರಿಗೆ ಕೈಹಾಕಿದ್ದೆ. ಮುಖ್ಯ ಸ್ವಿಚ್ಚನ್ನು ಆರಿಸಬೇಕೆಂದು ಈಗ ತಾನೆ ಒತ್ತಿ ಹೇಳಿದುದು ಇದಕ್ಕಾಗಿ.

ಫ್ಯಾನಿಗೋ ಹಳೆಯ ಬಲ್ಬಿಗೋ ತಯಾರಿಸಿದ ರೆಗ್ಯುಲೇಟರಿಗೆ ಸಾಮಾನ್ಯ ಎಲ್‌ಇಡಿಯನ್ನು ಜೋಡಿಸಿದರೆ ಅದು ಮಿಣುಕುವುದು ಸಹಜ. ಶೀತಕ ಯಂತ್ರವೋ ನೀರಿನ ಪಂಪೋ ಚಾಲನೆಗೊಂಡ ಕ್ಷಣ ಮಾತ್ರ ದೀಪವು ಒಮ್ಮೆ ಕುಗ್ಗಿದರೆ ಅದಕ್ಕೂ ಗಾಬರಿ ಬೇಡ.

ಗಾಬರಿಪಡಬೇಕಾದ ಲಕ್ಷಣ ಬೇರೆಯಿದೆ. ಬಹುಮಹಡಿ ಕಟ್ಟಡಗಳಿಗೆ ಮೂರು ಫೇಸುಗಳಲ್ಲಿ ವಿದ್ಯುತ್ತು ಬಂದು ಮನೆಗಳಿಗೆ ಹಂಚಿಹೋಗುತ್ತದೆ. ಮರಳುವ ನ್ಯೂಟ್ರಲ್ ತಂತಿ ಎಲ್ಲಕ್ಕೂ ಒಂದೇ. ಅದರ ಜೋಡಣೆ ಸಡಿಲಗೊಂಡರೆ ಅಥವಾ ಕಡಿದುಹೋದರೆ, ಎರಡು ಫೇಸುಗಳ ನಡುವಿನ ಸುಮಾರು 400 ವೋಲ್ಟು ಮನೆಮನೆಗಳ ಬಳಕೆಗನುಗುಣವಾಗಿ ಅಸಮವಾಗಿ ಹಂಚಿಹೋಗುತ್ತದೆ. ಹೆಚ್ಚು ಬಳಸುತ್ತಿರುವ ಮನೆಯ ದೀಪ ಮಂಕಾಗುತ್ತದೆ. ಒಂದೇ ದೀಪ ಉರಿಯುತ್ತಿರುವ ಮನೆಯಲ್ಲಿ ಅದು ವಿಪರೀತ ಪ್ರಖರವಾಗಿ ಸುಟ್ಟುಹೋಗುತ್ತದೆ, ದೂರದರ್ಶನವೂ ಶೀತಕವೂ ಜೊತೆಗೆ ಹಾಳಾಗುತ್ತವೆ. ಮನೆಯ ದೀಪಗಳೆಲ್ಲವೂ ಏಕಕಾಲಕ್ಕೆ ತುಯ್ದಾಡುತ್ತಿದ್ದರೆ, ಕೆಲವು ಅತಿಯಾಗಿ ಬೆಳಗಿ ಕೆಲವು ಮಂಕಾದರೆ, ಅಥವಾ ಸುಟ್ಟ ವಾಸನೆ ಬಂದರೆ, ತಡಮಾಡದೆ ಮುಖ್ಯ ಸ್ವಿಚ್ಚನ್ನು ಆರಿಸಬೇಕು, ನೆರೆಯವರಿಗೂ ತಿಳಿಸಬೇಕು. ಮೀಟರಿನ ಪೆಟ್ಟಿಗೆಯನ್ನು ತಾವೇ ಬಿಚ್ಚುವ ಸಾಹಸ ಸಲ್ಲದು. ಮೀಟರಿನವರೆಗಿನ ದೋಷ ವಿದ್ಯುತ್ ಸರಬರಾಜು ಸಂಸ್ಥೆಗೆ ಸೇರಿದುದು. 1912 ಸಂಖ್ಯೆಗೆ ದೂರವಾಣಿ ಕರೆ ಮಾಡಿ ದೂರು ದಾಖಲಿಸಬಹುದು. ಮೀಟರಿನಿಂದ ಒಳಗಿನದಕ್ಕೆ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರನ್ನು ಕರೆಸಬೇಕು. ಅವರು ಬಂದಾಗ, ಮನೆಯ ಉಳಿದ ಸ್ವಿಚ್ಚುಗಳೂ ಫೇಸ್ ತಂತಿಯಲ್ಲಿಯೇ ಇವೆಯೇ ಎಂದು ಒಂದು ಸುತ್ತು ಪರೀಕ್ಷಿಸಿಕೊಳ್ಳಿ. ನಮ್ಮ ಮನೆಯಲ್ಲಿ ಅಂಥವು ಇನ್ನೂ ಮೂರು ಸಿಕ್ಕಿದವು.