ನೀರಿನ ಹಾದಿ

ಬೆಂಗಳೂರು ನದಿಯ ದಡದ ಊರಲ್ಲವೆಂಬುದು ನಿಮಗೆ ತಿಳಿದ ಸಂಗತಿಯೇ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ನೆಲದ ಮೇಲೆ ಬಿದ್ದ ಮಳೆ ದಿಕ್ಕುದಿಕ್ಕಿಗೆ ಇಳಿದುಹೋಗುತ್ತದೆ. ಅದನ್ನು ನಿಲ್ಲಿಸಿಕೊಳ್ಳಲು ಹಿಂದಿನವರು ತಗ್ಗುಗಳಿಗೆ ಏರಿ ಹಾಕಿ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಸೇರಬೇಕು. ಅದೂ ತುಂಬಿದರೆ ಅದರ ಕೆಳಗಿನದಕ್ಕೆ. ರಾಜಕಾಲುವೆಯೆಂದರೆ ಇದೇ.

ಆಮೇಲೆ ನಲ್ಲಿ ಬಂದಿತು. ಹೆಸರಘಟ್ಟದ ನೀರಾಯಿತು, ತಿಪ್ಪಗೊಂಡನಹಳ್ಳಿಯದಾಯಿತು, 1974ರಲ್ಲಿ ಕಾವೇರಿಯೂ ಬಂದಳು. ಇನ್ನು ಕೆರೆ ಯಾರಿಗೆ ಬೇಕು? ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು; ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ನೆಲದ ತಗ್ಗು ಮಾತ್ರ ಇದ್ದಲ್ಲೇ ಇದೆ.

2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. 2024ರ ಬೇಸಗೆಯಲ್ಲಿ ಇದೇ ಊರಿನ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಗೊತ್ತಾಯಿತು. ಭೂಮಿ ಕಾದಷ್ಟೂ ಗಾಳಿ ಹೆಚ್ಚು ತೇವ ಹಿಡಿಯುತ್ತದೆ. ಸುರಿದರೆ ಒಮ್ಮೆಗೇ ಸುರಿಯುತ್ತದೆ. ನಿಲ್ಲುವ ಜಾಗವಿಲ್ಲದಿದ್ದರೆ ಆ ನೀರು ಮನೆಗೆ ನುಗ್ಗೀತು, ಬಾವಿಗೆ ಇಳಿಯದು.

ನಿಮ್ಮ ತಾರಸಿಯನ್ನೇ ನೋಡಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ವರ್ಷದ ಮಳೆಗೆ 100 ಚದರ ಮೀಟರ್ ತಾರಸಿಯ ಮೇಲೆ ಸುಮಾರು 90,000 ಲೀಟರ್ ಬೀಳುತ್ತದೆ! ಮೊದಲ ಮಳೆಯ ಧೂಳುನೀರನ್ನು ಹೊರಗೆ ಬಿಡಿ. ಮುಂದಿನದು ತೊಟ್ಟಿಗೆ, ಮಿಕ್ಕಿದ್ದು ಇಂಗುಗುಂಡಿಗೆ. ಆದರೆ ಇದರಿಂದಲೇ ಪ್ರವಾಹ ನಿಲ್ಲದು. ನಿಮ್ಮ ಬೀದಿಯ ಮೋರಿ ಯಾವ ಕೆರೆಗೆ ಹೋಗುತ್ತದೆಂದು ವಿಚಾರಿಸಿ. ಆ ಹಾದಿಯಲ್ಲಿ ಯಾರಾದರೂ ಗೋಡೆ ಎಬ್ಬಿಸುತ್ತಿದ್ದರೆ, ಅದು ಮೊಳಕಾಲೆತ್ತರ ಇರುವಾಗಲೇ ನಗರಾಡಳಿತಕ್ಕೆ ಬರೆಯಿರಿ.