ಕೈತೋಟದ ತೊಟ್ಟಿಗೊಂದು ನಲ್ಲಿ

2024ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಬೆಂಗಳೂರಿನ ಜಲಮಂಡಳಿಯವರು ಒಂದು ಆಜ್ಞೆ ಹೊರಡಿಸಿದರು. ಕುಡಿಯುವ ನೀರನ್ನು ಕೈತೋಟಕ್ಕೆ ಬಿಡಕೂಡದು, ಅದರಿಂದ ವಾಹನ ತೊಳೆಯಕೂಡದು, ತಪ್ಪಿದರೆ 5,000 ರೂಪಾಯಿ ದಂಡ. ಎಷ್ಟೋ ಕೊಳವೆ ಬಾವಿಗಳು ಬತ್ತಿದ್ದ ಬೇಸಗೆ ಅದು, ಆಜ್ಞೆ ನ್ಯಾಯವಾದದ್ದೇ. ಆದರೆ ಮುಂಬಾಗಿಲ ಮಲ್ಲಿಗೆಗೂ ಹಿತ್ತಲಿನ ಕರಿಬೇವಿಗೂ ಆಜ್ಞೆ ಓದಲು ಬಾರದು. ಸಂಜೆಯಾದರೆ ಅವಕ್ಕೆ ನೀರು ಬೇಕು. ಇಂಥ ಇಕ್ಕಟ್ಟಿನಲ್ಲಿ ಗೃಹಸ್ಥರು ಮಾಡಿಕೊಳ್ಳಬಹುದಾದ ಏರ್ಪಾಟೆಂದರೆ, ಹಿತ್ತಲಲ್ಲೊಂದು ದೊಡ್ಡ ತೊಟ್ಟಿ ಇಟ್ಟು, ತಾರಸಿಯ ಮಳೆನೀರನ್ನು ಸೋಸಿ ಅದಕ್ಕೆ ಇಳಿಸಿಕೊಳ್ಳುವುದು. ಆ ತೊಟ್ಟಿಗೆ ನಲ್ಲಿ ಕೂರಿಸುವ ವಿಚಾರವನ್ನೇ ಇಂದು ಮಾತಿಗೆ ತೆಗೆದುಕೊಂಡಿದ್ದೇನೆ.

ಮಳೆಯ ಲೆಕ್ಕ ಸುಲಭವಾದದ್ದು. 100 ಚದರ ಮೀಟರ್ ತಾರಸಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್ ನೀರು. 15 ಮಿಲಿಮೀಟರಿನ ಹದವಾದ ಮಳೆಯೊಂದು ಬಂದರೆ, ಮೊದಲ ಕೊಳೆನೀರನ್ನು ಹೊರಕ್ಕೆ ಬಿಟ್ಟ ಮೇಲೂ 1,000 ಲೀಟರಿನ ತೊಟ್ಟಿ ತುಂಬೀತು. ತುಂಬಿಸುವುದು ಮಳೆರಾಯನ ಕೆಲಸ; ತುಂಬಿದ್ದನ್ನು ಕಾಯುವುದು ನಲ್ಲಿಯ ಕೆಲಸ. ನಲ್ಲಿಯ ಬುಡದಲ್ಲಿ ಸೆಕೆಂಡಿಗೊಂದು ಹನಿ ಸೋರುತ್ತಿದೆ ಎನ್ನಿ. ಐದು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೆ 17 ಲೀಟರು, ತಿಂಗಳಿಗೆ 500 ಲೀಟರಿಗೂ ಮೇಲೆ. ಅರ್ಧ ತೊಟ್ಟಿ ಹೀಗೆ ಸದ್ದಿಲ್ಲದೆ ನೆಲದ ಪಾಲಾಗುತ್ತದೆ.

ತೊಟ್ಟಿ ಕೊಳ್ಳಲು ನಾಲ್ಕು ಅಂಗಡಿ ತಿರುಗುವವರೂ ನಲ್ಲಿಯನ್ನು ಮಾತ್ರ ಕೊನೆಯ ಗಳಿಗೆಯಲ್ಲಿ, ಕೆಲಸಗಾರನು ಕೇಳಿದಾಗ, ಕೈಗೆ ಸಿಕ್ಕಿದ್ದನ್ನು ತಂದುಕೊಡುತ್ತಾರೆ. ಇದು ತಲೆಕೆಳಗಾದ ಕ್ರಮ. ತೊಟ್ಟಿಯನ್ನು ಬೇಕಾದರೆ ಸರಿಸಬಹುದು, ನಲ್ಲಿಯನ್ನು ಬದಲಾಯಿಸಬಹುದು. ಕೊರೆದ ತೂತನ್ನು ಮಾತ್ರ ಇಲ್ಲವೆನ್ನಿಸಲು ಬರುವುದಿಲ್ಲ.

ತೂತು ಎಲ್ಲಿರಬೇಕು? ತೀರ ತಳಕ್ಕಂತೂ ಬೇಡ. ಎಷ್ಟು ಸೋಸಿದರೂ ಧೂಳು, ಎಲೆಯ ಪುಡಿ ತಳದಲ್ಲಿ ಕೆಸರಾಗಿ ಕೂರುತ್ತವೆ. ನಲ್ಲಿಯ ತೂತು ತಳದಿಂದ ಮೂರು ನಾಲ್ಕು ಅಂಗುಲ ಮೇಲಿದ್ದರೆ ತಿಳಿನೀರು ಸಿಗುತ್ತದೆ. ಕೆಸರನ್ನು ತೊಳೆದು ಬಿಡಲು ತಳದ ಮಟ್ಟದಲ್ಲೇ ಬೇರೊಂದು ತೂತು ಮಾಡಿಸಿ ಅದಕ್ಕೆ ತಿರುಪಿನ ಬಿರಡೆ ಹಾಕಿಡುವುದು ಒಳ್ಳೆಯದು. ಇನ್ನು ನಲ್ಲಿಯ ಕೆಳಗೆ ಬಕೆಟ್ಟೋ ಬಿಂದಿಗೆಯೋ ನಿಲ್ಲಬೇಕಲ್ಲ? ಅದಕ್ಕೆಂದೇ ತೊಟ್ಟಿಯ ಕೆಳಗೆ ಒಂದೂವರೆ ಎರಡು ಅಡಿ ಎತ್ತರದ ಕಟ್ಟೆ ಬೇಕು. ಕಟ್ಟೆಯ ವಿಷಯದಲ್ಲಿ ಜಿಪುಣತನ ಸಲ್ಲದು. ಲೀಟರು ನೀರು ಒಂದು ಕಿಲೋ ತೂಗುತ್ತದೆ. 1,000 ಲೀಟರು ಎಂದರೆ ಒಂದು ಟನ್ನು. ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು ಮೇಲೆ ಕೂರಿಸಿದರೆ ಪ್ಲಾಸ್ಟಿಕ್ ತೊಟ್ಟಿಯ ತಳ ಜೋತುಬಿದ್ದು, ಗೋಡೆ ಸೊಟ್ಟಗಾಗಿ, ನಲ್ಲಿಯ ಬುಡ ಸಡಿಲವಾಗುತ್ತದೆ. ಇಡೀ ತಳಕ್ಕೂ ಸಮತಟ್ಟಾದ ಆಸರೆ ಇರತಕ್ಕದ್ದು.

ಎತ್ತರಕ್ಕೆ ಇನ್ನೊಂದು ಕಾರಣವೂ ಉಂಟು. ನಲ್ಲಿಯಲ್ಲಿ ನೀರಿನ ಒತ್ತಡವು ತೊಟ್ಟಿಯ ಗಾತ್ರದಿಂದ ಬರುವುದಲ್ಲ. ನೀರಿನ ಮೇಲ್ಮಟ್ಟ ನಲ್ಲಿಗಿಂತ ಎಷ್ಟು ಮೇಲಿದೆ ಎಂಬುದರಿಂದ ಬರುತ್ತದೆ. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಕೊಟ್ಟರೆ, ನಮ್ಮ ಹಿತ್ತಲಿನ ಒಂದು ಮೀಟರ್ ನೀರು ಕೊಡುವುದು ಅದರ ಹತ್ತರಲ್ಲೊಂದು ಪಾಲು. ತೊಟ್ಟಿ ಬರಿದಾಗುತ್ತ ಬಂದಂತೆ ಅದೂ ಇಳಿಯುತ್ತದೆ. ಹೀಗಿರುವಾಗ ಬಚ್ಚಲುಮನೆಯ ಅರ್ಧ ಅಂಗುಲದ ತಿರುಪು ನಲ್ಲಿಯನ್ನು ತಂದು ಹಾಕಿದರೆ, ಅದರೊಳಗಿನ ಅಂಕುಡೊಂಕು ದಾರಿಯಲ್ಲಿ ಇದ್ದ ಕಸುವೂ ಕರಗಿ, ಬಕೆಟ್ಟು ತುಂಬುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಬರಬಹುದು. ಒಂದು ಅಂಗುಲದ್ದನ್ನೇ ಹಾಕಿಸಿ. ಅಗಲ ಎರಡರಷ್ಟಾದರೆ ನೀರಿನ ದಾರಿ ನಾಲ್ಕರಷ್ಟಾಗುತ್ತದೆ. ಕಾಲು ಸುತ್ತು ತಿರುಗಿಸಿದರೆ ಪೂರ್ತಿ ತೆರೆಯುವ ಬಾಲ್ ವಾಲ್ವ್ ಇಲ್ಲಿಗೆ ಹೇಳಿ ಮಾಡಿಸಿದಂಥದ್ದು. ತೆರೆದಾಗ ನೀರು ನೇರವಾಗಿ ಹರಿಯುತ್ತದೆ. ಹನಿ ನೀರಾವರಿಯ ಕೊಳವೆಯನ್ನು ಇದಕ್ಕೆ ಸಿಕ್ಕಿಸಬೇಕೆಂಬ ಆಸೆಯಿದ್ದವರು ಗಮನಿಸಬೇಕು: ಸಾಮಾನ್ಯವಾದ ಹನಿ ಬಿಲ್ಲೆಗಳು ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡದ ಲೆಕ್ಕದಲ್ಲಿ ಮಾಡಿದವು. ಕಡಮೆ ಒತ್ತಡಕ್ಕೆಂದೇ ಮಾಡಿದ್ದನ್ನು ಕೇಳಿ ತರಬೇಕು.

ಇನ್ನು ಕೊರೆಯುವ ಮಾತು. ತೊಟ್ಟಿಯ ಗೋಡೆಯೊಳಗಿಂದ ಹಾಯ್ದು ಬರುವ ತುಂಡಿಗೆ ಅಂಗಡಿಯಲ್ಲಿ ಟ್ಯಾಂಕ್ ನಿಪ್ಪಲ್ ಎನ್ನುತ್ತಾರೆ. ಇದನ್ನು ಮೊದಲು ತನ್ನಿ, ತೂತು ಆಮೇಲೆ. ಏಕೆಂದರೆ ಒಂದು ಅಂಗುಲ ಎಂಬುದು ಹೆಸರಿಗೆ ಮಾತ್ರ. ಒಂದು ಅಂಗುಲದ ಕಬ್ಬಿಣದ ನಿಪ್ಪಲ್ಲಿನ ಥ್ರೆಡ್ಡನ್ನು ಹೊರಗಿನಿಂದ ಅಳೆದರೆ 33 ಮಿಲಿಮೀಟರಿಗೂ ಕೊಂಚ ಹೆಚ್ಚು. ಪ್ಲಾಸ್ಟಿಕ್ಕಿನದು ಇನ್ನೂ ದಪ್ಪವಿದ್ದೀತು. ಕೈಯಲ್ಲಿರುವ ತುಂಡನ್ನೇ ಅಳೆದು, ಅದಕ್ಕಿಂತ ಒಂದೆರಡು ಮಿಲಿಮೀಟರ್ ದೊಡ್ಡದಾದ ಬಳೆಯಾಕಾರದ ಗರಗಸದಿಂದ ಕೊರೆಯಬೇಕು. ಕೆಲವರು ಕಬ್ಬಿಣದ ಸಲಾಕಿಯನ್ನು ಕೆಂಪಗೆ ಕಾಯಿಸಿ ಚುಚ್ಚುವುದುಂಟು. ದಯಮಾಡಿ ಇದಕ್ಕೆ ಅವಕಾಶ ಕೊಡಬೇಡಿ. ಕರಗಿದ ಪ್ಲಾಸ್ಟಿಕ್ಕು ತೂತಿನ ಸುತ್ತ ಏರುತಗ್ಗಾಗಿ ಗಟ್ಟಿಯಾಗುತ್ತದೆ. ಅದರ ಮೇಲೆ ಯಾವ ವಾಷರೂ ಕೂರದು. ಗೋಡೆಯ ಉಬ್ಬು ಪಟ್ಟಿಗಳನ್ನು ಬಿಟ್ಟು ಚಪ್ಪಟೆಯಾದ ಜಾಗವನ್ನೇ ಆರಿಸಿಕೊಂಡು, ಕೊರೆದ ಮೇಲೆ ಅಂಚಿನ ಸಿಬಿರನ್ನು ಒಳಗೂ ಹೊರಗೂ ಚಾಕುವಿನಿಂದ ಹೆರೆದು ನುಣುಪು ಮಾಡಬೇಕು. ಕರೆಂಟಿನ ಡ್ರಿಲ್ ಹಿಡಿಯುವಾಗ ತೊಟ್ಟಿಯಲ್ಲಿಯೂ ಕಾಲ ಕೆಳಗೂ ನೀರಿನ ಪಸೆ ಇರಬಾರದು ಎಂದು ಬೇರೆ ಹೇಳಬೇಕಾಗಿಲ್ಲ.

ಜೋಡಿಸುವ ಕ್ರಮ ಹೀಗೆ. ನಿಪ್ಪಲ್ಲಿನ ಅಗಲವಾದ ತಲೆ ತೊಟ್ಟಿಯ ಒಳಗಿರಬೇಕು. ಆ ತಲೆಗೂ ಒಳಗೋಡೆಗೂ ನಡುವೆ ರಬ್ಬರ್ ವಾಷರು. ನೀರನ್ನು ತಡೆಯುವುದು ಮುಖ್ಯವಾಗಿ ಇದೇ. ಹೊರಗಡೆ ಇನ್ನೊಂದು ರಬ್ಬರು, ಅದರ ಮೇಲೆ ತೆಳ್ಳನೆಯ ಗಟ್ಟಿ ವಾಷರು, ಆಮೇಲೆ ನಟ್ಟು. ಈ ಗಟ್ಟಿ ವಾಷರನ್ನು ಬಿಟ್ಟರೆ ನಟ್ಟು ತಿರುಗುವಾಗ ರಬ್ಬರನ್ನೂ ಎಳೆದು ಸುಕ್ಕುಗಟ್ಟಿಸುತ್ತದೆ. ಕೈಯಲ್ಲಿ ಬಿಗಿದು, ಸ್ಪ್ಯಾನರಿನಿಂದ ಮತ್ತೆ ಅರ್ಧ ಸುತ್ತು, ಅಷ್ಟು ಸಾಕು. ಬಲವಿದೆಯೆಂದು ಬಿಗಿದರೆ ರಬ್ಬರು ಪಕ್ಕಕ್ಕೆ ಚಿಮ್ಮುತ್ತದೆ.

ಒಳಗಿನಿಂದ ನಿಪ್ಪಲ್ಲನ್ನು ತೂರಿಸುವವರಾರು? ಮೇಲಿನ ಬಾಯಿಂದ ಕೈ ಎಟುಕುವುದಿಲ್ಲ. ಹುಡುಗರನ್ನು ಒಳಕ್ಕೆ ಇಳಿಸುವುದು ಅಪಾಯ. ಮುಚ್ಚಿದ ತೊಟ್ಟಿಯಲ್ಲಿ ಗಾಳಿ ಸಾಲದೆ ಪ್ರಾಣಕ್ಕೇ ಸಂಚಕಾರ ಬಂದೀತು. ಅದಕ್ಕೊಂದು ಉಪಾಯವಿದೆ. ಗಟ್ಟಿ ದಾರದ ಒಂದು ತುದಿಯನ್ನು ಮೇಲಿನ ಬಾಯಿಂದ ಇಳಿಬಿಟ್ಟು, ತಂತಿಯ ಕೊಕ್ಕೆಯಿಂದ ತೂತಿನ ಮೂಲಕ ಹೊರಕ್ಕೆ ಎಳೆದುಕೊಳ್ಳಿ. ಮೇಲಿನ ತುದಿಗೆ, ರಬ್ಬರು ತೊಡಿಸಿದ ನಿಪ್ಪಲ್ಲನ್ನು, ಥ್ರೆಡ್ಡಿನ ಕಡೆ ಮುಂದಾಗುವಂತೆ, ಮಣಿಯ ಹಾಗೆ ಪೋಣಿಸಿ, ಅದು ಜಾರಿ ಹೋಗದಂತೆ ತಲೆಯ ಹಿಂದೆ ಅಡ್ಡಕ್ಕೆ ಒಂದು ಕಡ್ಡಿ ಕಟ್ಟಿ. ಕೆಳಗಿನಿಂದ ಮೆಲ್ಲಗೆ ಎಳೆದರೆ ನಿಪ್ಪಲ್ಲು ತಾನಾಗಿ ಬಂದು ತೂತಿನಲ್ಲಿ ಮೂತಿ ತೋರಿಸುತ್ತದೆ. ಇದನ್ನು ನೋಡಲು ಮನೆಯ ಮಕ್ಕಳೆಲ್ಲ ಸೇರುತ್ತಾರೆ.

ನಲ್ಲಿಯ ಥ್ರೆಡ್ಡಿಗೆ ಹಿಂದೆ ಸೆಣಬಿನ ನಾರು ಸುತ್ತಿ ಸೀಸದ ಬಿಳಿ ಮೆತ್ತುತ್ತಿದ್ದರು. ಸೀಸ ವಿಷ, ಅದು ಬೇಡ. ತೆಳುವಾದ ಬಿಳಿ ಟೆಫ್ಲಾನ್ ಟೇಪನ್ನು, ತುದಿಯನ್ನು ನಮ್ಮ ಕಡೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಎಂಟು ಹತ್ತು ಸುತ್ತು ಸುತ್ತಬೇಕು. ಎದುರು ದಿಕ್ಕಿನಲ್ಲಿ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ವಾಷರಿನ ಬದಲು ಅಂಟು ಬಳಿದು ಸಾಗಹಾಕುವವರೂ ಇದ್ದಾರೆ. ತೊಟ್ಟಿಯ ಪಾಲಿಥೀನಿಗೆ ಅಂಗಡಿಯ ಸಾಧಾರಣ ಅಂಟುಗಳು ಹತ್ತುವುದಿಲ್ಲ. ಎರಡು ದಿನ ನಿಂತಂತೆ ಕಂಡು ಮೂರನೆಯ ದಿನ ಹೊಪ್ಪಳೆಯಾಗಿ ಏಳುತ್ತದೆ.

ಇಟ್ಟಿಗೆ ಗಾರೆಯ ತೊಟ್ಟಿಯ ರೀತಿ ಬೇರೆ. ಅಲ್ಲಿ ಗೋಡೆ ಕಟ್ಟುವಾಗಲೇ ಪೈಪಿನ ತುಂಡನ್ನು ಹೂತುಬಿಡಬೇಕು. ತುಂಡಿನ ನಡುವೆ ಕಬ್ಬಿಣದ ಬಿಲ್ಲೆಯನ್ನು ಬೆಸುಗೆ ಹಾಕಿಸಿರಬೇಕು. ನುಣ್ಣನೆಯ ಪೈಪಿನ ಮೈಗುಂಟ ನೀರು ಹೊರಕ್ಕೆ ಜಿನುಗುವ ದಾರಿಯನ್ನು ಈ ಬಿಲ್ಲೆ ಅಡ್ಡಗಟ್ಟುತ್ತದೆ.

ನಲ್ಲಿಗಿಂತ ಮುಂಚೆ, ತೊಟ್ಟಿಗೆ ಒತ್ತಿದಂತೆ, ಇನ್ನೊಂದು ವಾಲ್ವ್ ಇರಲಿ. ನಲ್ಲಿ ಸವೆದಾಗ ತೊಟ್ಟಿಯ ನೀರನ್ನೆಲ್ಲ ಚೆಲ್ಲದೆ ಬದಲಾಯಿಸಬಹುದು. ಮತ್ತೊಂದು ಮಾತು: ಸೋರಿಕೆಗೆ ದೊಡ್ಡ ಕಾರಣ ವಾಷರಲ್ಲ, ರಬ್ಬರ್ ಕೊಳವೆಯನ್ನು ಸಿಕ್ಕಿಸಿ ಎಳೆಯುವ ನಮ್ಮ ಕೈ. ಗುಲಾಬಿಯ ಬುಡಕ್ಕೆ ಇನ್ನೊಂದು ಗಜ ಸಾಲದೆಂದು ಜಗ್ಗಿದಾಗ ಆ ಜಗ್ಗಾಟವೆಲ್ಲ ನಿಪ್ಪಲ್ಲಿನ ಮೇಲೆ ಬೀಳುತ್ತದೆ. ನಲ್ಲಿಯ ಪಕ್ಕ ಇಟ್ಟಿಗೆಯ ಚಿಕ್ಕ ಕಂಬವೆಬ್ಬಿಸಿ ಪೈಪನ್ನು ಅದಕ್ಕೆ ಪಟ್ಟಿಯಿಂದ ಬಿಗಿದರೆ ಭಾರವನ್ನು ಕಂಬ ಹೊರುತ್ತದೆ. ಬಿಡಾಡಿ ದನ, ಕೋತಿಗಳ ಕಾಟವಿರುವ ಬೀದಿಯವರು ಬೀಗ ಹಾಕುವ ಕಿವಿಯಿರುವ ವಾಲ್ವನ್ನು ಕೇಳಿ ತರಲಿ. ಕೋತಿಗೆ ನಲ್ಲಿ ತೆರೆಯಲು ಬರುತ್ತದೆ, ಮುಚ್ಚುವ ಅಭ್ಯಾಸವಿಲ್ಲ.

ಕೂರಿಸಿದ ದಿನವೇ ತೊಟ್ಟಿಯನ್ನು ತುಂಬಬೇಡಿ. ಕಾಲುಭಾಗ ತುಂಬಿ, ಜೋಡಣೆಯನ್ನು ಒಣಬಟ್ಟೆಯಿಂದ ಒರೆಸಿ, ಕೆಳಗೊಂದು ಹಳೆಯ ಪತ್ರಿಕೆ ಹಾಸಿ ರಾತ್ರಿ ಬಿಡಿ. ಬೆಳಗ್ಗೆ ಕಾಗದ ಒಣಗಿದ್ದರೆ ಅರ್ಧಕ್ಕೆ ತುಂಬಬಹುದು. ತುಂಬಿದಾಗ ಪ್ಲಾಸ್ಟಿಕ್ ಗೋಡೆ ತುಸು ಉಬ್ಬುವುದರಿಂದ ವಾರ ಕಳೆದ ಮೇಲೆ ನಟ್ಟನ್ನು ಒಮ್ಮೆ ಮುಟ್ಟಿ ನೋಡಬೇಕು. ಮೇಲಿನ ಮುಚ್ಚಳ ಭದ್ರವಾಗಿರಲಿ, ಹೆಚ್ಚಾದ ನೀರು ಹೊರಹೋಗುವ ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿರಲಿ. ಡೆಂಗೆ ಜ್ವರ ಹರಡುವ ಸೊಳ್ಳೆ ಇಂಥ ನಿಂತ ನೀರಿನಲ್ಲೇ ಮೊಟ್ಟೆಯಿಟ್ಟು, ಎಂಟು ಹತ್ತು ದಿನಗಳಲ್ಲಿ ರೆಕ್ಕೆ ಬಿಚ್ಚಿ ಹೊರಡುತ್ತದೆ. ನಲ್ಲಿಯ ಮೇಲ್ಗಡೆ, ಮಕ್ಕಳ ಕಣ್ಣಿಗೆ ಬೀಳುವಂತೆ, ‘ಕುಡಿಯುವ ನೀರಲ್ಲ’ ಎಂದು ಕೆಂಪು ಬಣ್ಣದಲ್ಲಿ ಬರೆಸಿಬಿಡಿ.