ಸಾವಕಾಶ ಉಣ್ಣುವುದು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಆರೋಗ್ಯದ ಬಗ್ಗೆ ಎರಡು ಮಾತು ಹೇಳಬೇಕೆಂದು ಸಮಿತಿಯವರು ಕೇಳಿದರು. ಒಬ್ಬ ವೈದ್ಯನನ್ನು ಕರೆದರೆ ಶುಗರ್, ಬಿ.ಪಿ. ಬಗ್ಗೆ ಹೇಳಿಯಾನು ಎಂದುಕೊಂಡಿರುತ್ತಾರೆ. ಆ ಎರಡಕ್ಕೂ ಮೊದಲು ಬರುವ ಒಂದು ಸಂಗತಿ ಇದೆ, ಅದು ಹೊಟ್ಟೆಯ ಸುತ್ತಳತೆ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ಕಡೆಯಿಂದ ನನ್ನ ಬಳಿ ಬರುವವರಲ್ಲಿ ತೂಕ ಇಳಿಸಬೇಕೆನ್ನುವವರು ಬಹಳ. ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಸಾಹೇಬ್ರ, ಏನು ಬಿಡಬೇಕ್ರಿ?" ನಾನು ತಿರುಗಿ ಕೇಳುವುದು, "ಊಟಕ್ಕ ಎಷ್ಟು ಹೊತ್ತು ಕೂಡ್ತೀರಿ?" ಐದು ನಿಮಿಷ, ಬಹಳಾದರೆ ಏಳು ಎನ್ನುತ್ತಾರೆ. ಇವತ್ತು ಆ ಐದು ನಿಮಿಷದ ಬಗ್ಗೆ ಮಾತ್ರ ಮಾತಾಡುತ್ತೇನೆ.

ನಮ್ಮ ಭಾಗದ ಹಳೆಯ ಊಟವನ್ನು ನೆನಪು ಮಾಡಿಕೊಳ್ಳಿ. ಜೋಳದ ಕಟಕ ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಮೂಲಂಗಿ, ಒಂದು ಹಿಡಿ ಹಸಿ ಮೆಂತ್ಯೆ ಸೊಪ್ಪು, ಕೊನೆಗೆ ಮಜ್ಜಿಗೆ. ಈ ಊಟವನ್ನು ಅವಸರದಲ್ಲಿ ಮಾಡಿ ತೋರಿಸಿ ನೋಡೋಣ! ಕಟಕ ರೊಟ್ಟಿ ಮುರಿಯಬೇಕು, ಅಗಿಯಬೇಕು, ಹಲ್ಲು ದವಡೆ ಎರಡೂ ದುಡಿಯಬೇಕು. ಹೊಲದಲ್ಲಿ ಬುತ್ತಿ ಬಿಚ್ಚಿದವರು ಗಿಡದ ನೆರಳಿಗೆ ಕೂತು, ಬೆಳೆ-ಮಳೆ ಮಾತಾಡುತ್ತ ಅರ್ಧ ತಾಸು ಉಣ್ಣುತ್ತಿದ್ದರು. ಯಾರೂ ಅವರಿಗೆ "ಸಾವಕಾಶ ಉಣ್ಣಿರಿ" ಎಂದು ಬೋಧನೆ ಮಾಡಿರಲಿಲ್ಲ. ಊಟವೇ ಅವರನ್ನು ತಡೆದು ಕೂರಿಸುತ್ತಿತ್ತು.

ಈಗ ಹಿಡಕಲ್ ಆಣೆಕಟ್ಟಿನ ನೀರು ಬಂದಿದೆ, ಕಬ್ಬು ಬಂದಿದೆ, ಕೈಯಲ್ಲಿ ನಾಲ್ಕು ದುಡ್ಡು ಆಡುತ್ತಿದೆ. ಅದು ಸಂತೋಷದ ವಿಷಯ. ಆದರೆ ತಾಟಿನಲ್ಲಿ ಇರುವುದು ಮೆತ್ತಗಿನ ಅನ್ನ-ಸಾರು, ಮೈದಾ ಪಾವು, ಬೇಕರಿಯ ಖಾರಿ, ಬಿಸ್ಕೀಟು. ಇವಕ್ಕೆ ಹಲ್ಲಿನ ಹಂಗಿಲ್ಲ, ನುಂಗಿದರೆ ಆಯಿತು. ನೇಗಿಲು ಹೋಗಿ ಟ್ರ್ಯಾಕ್ಟರ್ ಬಂತು, ಸೈಕಲ್ಲು ಹೋಗಿ ಬೈಕು ಬಂತು. ದುಡಿತ ಕಡಿಮೆಯಾಗಿ, ಉಣ್ಣುವ ವೇಗ ಮಾತ್ರ ಹೆಚ್ಚಾಯಿತು.

ವೇಗಕ್ಕೂ ತೂಕಕ್ಕೂ ಏನು ಸಂಬಂಧ ಎಂದು ಮಕ್ಕಳು ಕೇಳಬಹುದು. ಹೊಟ್ಟೆ ತುಂಬಿತು ಎನ್ನುವುದು ತಿಳಿಯುವುದು ಮಿದುಳಿಗೆ. ಜಠರ ಹಿಗ್ಗಿದಾಗ ಒಂದು ನರದ ಮೂಲಕ ಸುದ್ದಿ ಹೋಗುತ್ತದೆ. ಇದು ಬೇಗ ಮುಟ್ಟುತ್ತದೆ, ಆದರೆ ಇದೊಂದೇ ಸಾಲದು. ಅನ್ನ ಕರುಳಿಗೆ ಇಳಿದ ಮೇಲೆ ಕರುಳಿನ ಗೋಡೆಯಿಂದ ಕೆಲವು ಹಾರ್ಮೋನುಗಳು ರಕ್ತಕ್ಕೆ ಸೇರಿ, ಮಿದುಳಿಗೆ "ಸಾಕು" ಎಂದು ಹೇಳುತ್ತವೆ. ಇದಕ್ಕೆ ಸುಮಾರು ಹದಿನೈದು-ಇಪ್ಪತ್ತು ನಿಮಿಷ ಬೇಕು. ಐದು ನಿಮಿಷದಲ್ಲಿ ಉಂಡು ಏಳುವವನಿಗೆ ಸುದ್ದಿ ಮುಟ್ಟುವುದು ಕೈ ತೊಳೆದ ಮೇಲೆ. ಅಷ್ಟರಲ್ಲಿ ಎರಡು ರೊಟ್ಟಿ ಹೆಚ್ಚೇ ಒಳಗೆ ಹೋಗಿರುತ್ತವೆ.

ಗ್ರೀಸ್ ದೇಶದ ವೈದ್ಯರು ಇದನ್ನು ಪರೀಕ್ಷೆ ಮಾಡಿ 2010ರಲ್ಲಿ ಪ್ರಕಟಿಸಿದ್ದಾರೆ. ಆರೋಗ್ಯವಂತರಾದ 17 ಗಂಡಸರಿಗೆ 300 ಮಿಲಿ ಐಸ್‌ಕ್ರೀಂ ಕೊಟ್ಟರು. ಒಂದು ದಿನ ಐದು ನಿಮಿಷದಲ್ಲಿ ತಿನ್ನಿಸಿದರು, ಇನ್ನೊಂದು ದಿನ ಅಷ್ಟನ್ನೇ ಅರ್ಧ ತಾಸಿನಲ್ಲಿ. ಐಸ್‌ಕ್ರೀಂ ಅದೇ, ಮನುಷ್ಯರೂ ಅವರೇ. ಆದರೂ ಸಾವಕಾಶ ತಿಂದ ದಿನ ಹೊಟ್ಟೆ ತುಂಬಿದ ಸುದ್ದಿ ಕೊಡುವ ಎರಡು ಹಾರ್ಮೋನುಗಳು ರಕ್ತದಲ್ಲಿ ಹೆಚ್ಚು ಕಂಡವು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ನಡೆದ ಇನ್ನೊಂದು ಪರೀಕ್ಷೆ 2019ರಲ್ಲಿ ಪ್ರಕಟವಾಯಿತು. 20 ಜನರನ್ನು ಸಂಸ್ಥೆಯಲ್ಲೇ ಇಟ್ಟುಕೊಂಡು ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟರು. ಬೇಕಾದಷ್ಟು ತಿನ್ನಿ ಎಂದರು. ಸಿದ್ಧ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ತೂಕ ಸುಮಾರು 900 ಗ್ರಾಂ ಏರಿತು. ಆ ಆಹಾರವನ್ನು ಅವರು ತಿನ್ನುತ್ತಿದ್ದ ವೇಗವೂ ಹೆಚ್ಚಾಗಿತ್ತು. ಮೆತ್ತಗಿನದನ್ನು ಯಾರು ಅಗಿಯುತ್ತ ಕೂಡುತ್ತಾರೆ? ನಮ್ಮ ಕಟಕ ರೊಟ್ಟಿಯ ಮಹಿಮೆ ಅಲ್ಲಿ ಕುಳಿತವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಹಾಗಾದರೆ ಉಪವಾಸ ಮಾಡಿ ಬೇಗ ಇಳಿಸಿದರೆ ಆಗದೇ ಎನ್ನುವವರಿದ್ದಾರೆ. ಮಗಳ ಮದುವೆಗೆ ಎರಡು ತಿಂಗಳಲ್ಲಿ ಹತ್ತು ಕಿಲೋ ಇಳಿಸಿ, ಸೀಮಂತದ ಹೊತ್ತಿಗೆ ಹನ್ನೆರಡು ಕಿಲೋ ಏರಿಸಿಕೊಂಡವರನ್ನು ತಾವೂ ಕಂಡಿದ್ದೀರಿ. ಅವರಿಗೆ ಮನೋಬಲ ಇಲ್ಲ ಎಂದು ಜನ ನಗುತ್ತಾರೆ. ಆ ನಗು ನನಗೆ ಸೇರುವುದಿಲ್ಲ. ಆಸ್ಟ್ರೇಲಿಯಾದಲ್ಲಿ 50 ಜನರಿಗೆ ಹತ್ತು ವಾರ ಬಹಳ ಕಡಿಮೆ ಆಹಾರ ಕೊಟ್ಟು ತೂಕ ಇಳಿಸಿದರು. ಒಂದು ವರ್ಷ ಕಳೆದು ನೋಡಿದರೂ ಅವರಲ್ಲಿ ಹಸಿವೆ ಹುಟ್ಟಿಸುವ ಹಾರ್ಮೋನು ಮೊದಲಿಗಿಂತ ಹೆಚ್ಚೇ ಇತ್ತು. 2011ರಲ್ಲಿ ಈ ವರದಿ ಬಂತು. ದೇಹ ಕಳೆದುಕೊಂಡದ್ದನ್ನು ಮರೆಯುವುದಿಲ್ಲ, ಸಾಲ ಕೊಟ್ಟ ಸಾಹುಕಾರನ ಹಾಗೆ ಬೆನ್ನು ಹತ್ತುತ್ತದೆ. ಆದ್ದರಿಂದ ವರ್ಷಗಟ್ಟಲೆ ನಡೆಸಿಕೊಂಡು ಹೋಗಬಲ್ಲ ರೂಢಿಯೇ ಬೇಕು. ಸಾವಕಾಶ ಉಣ್ಣುವುದಕ್ಕೆ ಖರ್ಚಿಲ್ಲ, ಬೇರೆ ಅಡುಗೆ ಬೇಕಿಲ್ಲ, ಹಬ್ಬದಲ್ಲಿ ಹೋಳಿಗೆ ಬಿಡಬೇಕಾಗಿಲ್ಲ. ಐವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 170 ಕ್ಯಾಲೊರಿ ಇರುತ್ತದೆ. ಹಸಿದುಕೊಂಡು ಏಳದೆ, ದಿನಕ್ಕೆ ಒಂದು ರೊಟ್ಟಿ ತಾನಾಗಿ ಕಡಿಮೆಯಾದರೆ ಅದು ಉಳಿಯುವ ಲಾಭ. ಇದರಿಂದ ತಿಂಗಳಿಗೆ ಐದು ಕಿಲೋ ಇಳಿಯುತ್ತದೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರನ್ನು ನಂಬಲೂ ಬೇಡಿ. ನಡಿಗೆ, ನಿದ್ದೆ ಇವೂ ಬೇಕು.

ಕರದಂಟಿನ ಮಾತು ಎತ್ತದಿದ್ದರೆ ಗೋಕಾಕದವರು ನನ್ನನ್ನು ಬಿಡಲಿಕ್ಕಿಲ್ಲ. ಬೆಲ್ಲ, ಅಂಟು, ತುಪ್ಪ, ಒಣಹಣ್ಣು ಕೂಡಿದ ಪದಾರ್ಥ ಅದು, ಒಂದು ಸಣ್ಣ ತುಣುಕಿನಲ್ಲೇ ಬಹಳ ಶಕ್ತಿ ಇದೆ. ತಿನ್ನಬೇಡಿ ಎಂದು ನಾನು ಹೇಳಿದರೆ ಮುಂದಿನ ಸಲ ಯಾರೂ ವೇದಿಕೆಗೆ ಕರೆಯುವುದಿಲ್ಲ! ಒಂದು ತುಣುಕನ್ನು ಬಾಯಲ್ಲಿಟ್ಟು ಐದು ನಿಮಿಷ ಅಗಿಯಿರಿ. ಮಾಡಿದವರ ಕೈಗುಣ ಆಗಲೇ ತಿಳಿಯುವುದು. ಮಾತಾಡುತ್ತ ಅರ್ಧ ಡಬ್ಬಿ ಖಾಲಿ ಮಾಡಿದರೆ ರುಚಿಯೂ ತಿಳಿಯದು.

ಈಗ ತಾಯಂದಿರಿಗೆ ಸಂಬಂಧಿಸಿದ ಮಾತು. ಅವರಿಗಿಂತ ಹೆಚ್ಚಾಗಿ ಮನೆಯ ಗಂಡಸರು ಕೇಳಬೇಕು. ನನ್ನ ಬಳಿ ಬರುವ ಹೆಣ್ಣುಮಕ್ಕಳು ಹೇಳುವುದುಂಟು: "ನಾನೇನು ಬಹಳ ಉಣ್ಣೂದಿಲ್ಲರೀ, ಆದ್ರೂ ಮೈ ಬರ್ತೈತಿ." ವಿಚಾರಿಸಿದರೆ ತಿಳಿಯುತ್ತದೆ. ಎಲ್ಲರಿಗೂ ಬಿಸಿ ರೊಟ್ಟಿ ಬಡಿದು ಹಾಕಿ, ಮಕ್ಕಳದು, ಯಜಮಾನರದು, ಅತ್ತೆ-ಮಾವಂದಿರದು ಮುಗಿದ ಮೇಲೆ ಒಲೆಯ ಮುಂದೆಯೇ ಎರಡು ತುತ್ತು. ಅಷ್ಟರಲ್ಲಿ ಎಮ್ಮೆ ಕೂಗುತ್ತದೆ, ನಳದಲ್ಲಿ ನೀರು ಬರುತ್ತದೆ. ಉಳಿದ ಅನ್ನ ಚೆಲ್ಲಬಾರದೆಂದು ಅದನ್ನೂ ಉಣ್ಣುತ್ತಾರೆ, ಮಗು ಬಿಟ್ಟ ಶಿರಾ ಬಾಯಿಗೆ ಹಾಕಿಕೊಳ್ಳುತ್ತಾರೆ. ಇದು ಯಾವುದೂ ಅವರ ಲೆಕ್ಕದಲ್ಲಿ ಊಟ ಅಲ್ಲ. ಇಂಥವರಿಗೆ "ಸಾವಕಾಶ ಉಣ್ಣವ್ವಾ" ಎಂದು ಚೀಟಿ ಬರೆದು ಕೊಟ್ಟರೆ ಏನು ಬಂತು? ಸಾವಕಾಶ ಉಣ್ಣಲು ಹೊತ್ತು ಬೇಕು, ಆ ಹೊತ್ತನ್ನು ಮನೆಯವರು ಬಿಟ್ಟುಕೊಡಬೇಕು. ರಾತ್ರಿ ಒಂದು ಹೊತ್ತಾದರೂ ಎಲ್ಲರೂ ಒಟ್ಟಿಗೆ ಕೂಡಿ. ರೊಟ್ಟಿ ಮೊದಲೇ ಮಾಡಿ ಬುಟ್ಟಿಯಲ್ಲಿಟ್ಟರೆ ಆರುತ್ತದೆ, ಆರಲಿ. ಆರಿದ ರೊಟ್ಟಿಯನ್ನು ಇನ್ನಷ್ಟು ಅಗಿಯಬೇಕಾಗುತ್ತದೆ, ಅದೂ ಒಳ್ಳೆಯದೇ.

ಮಾಡುವುದು ಹೇಗೆ ಎಂದರೆ ದೊಡ್ಡ ವಿದ್ಯೆಯೇನಲ್ಲ. ಕೂತು ಉಣ್ಣಿ. ಮೊಬೈಲು ಇನ್ನೊಂದು ಕೋಣೆಯಲ್ಲಿರಲಿ. ಮೊದಲು ಸೌತೆಕಾಯಿ, ಗಜ್ಜರಿ, ಸೊಪ್ಪು ಹಸಿದಾಗಿ ತಿನ್ನಿ. ತುತ್ತು ಸಣ್ಣದಿರಲಿ, ಬಾಯಲ್ಲಿದ್ದದ್ದು ಇಳಿಯುವವರೆಗೆ ಮುಂದಿನ ತುತ್ತು ಮುರಿಯಬೇಡಿ. ಎರಡನೆಯ ಸಲ ನೀಡಿಸಿಕೊಳ್ಳುವ ಮೊದಲು ಐದು ನಿಮಿಷ ಸುಮ್ಮನೆ ಕೂಡಿ. ಮೊದಲ ವಾರ ಗಡಿಯಾರ ನೋಡಿದರೆ ತಪ್ಪಿಲ್ಲ, ಇಪ್ಪತ್ತು ನಿಮಿಷ ಎಷ್ಟು ಉದ್ದ ಎಂದು ಆಗ ಗೊತ್ತಾಗುತ್ತದೆ. ಇನ್ನು ಬೀಗರಿಗೆ ನೀಡುವವರಲ್ಲಿ ಒಂದು ವಿನಂತಿ. "ಇನ್ನೊಂದು, ನನ್ನ ಸಲುವಾಗಿ ಒಂದು" ಎಂದು ಹೋಳಿಗೆ ಹಾಕುವ ಪ್ರೀತಿಯನ್ನು ಸ್ವಲ್ಪ ತಡೆದುಕೊಳ್ಳಿ.

ಶುಗರ್ ಇದ್ದು ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆಯಾಗತೊಡಗಿದರೆ ತಮ್ಮ ವೈದ್ಯರಿಗೆ ತಿಳಿಸಬೇಕು, ಔಷಧದ ಪ್ರಮಾಣ ಬದಲಿಸಬೇಕಾಗಬಹುದು. ಏನೂ ಮಾಡದೆ ತೂಕ ಇಳಿಯುತ್ತಿದ್ದರೆ ಸಂತೋಷಪಡದೆ ಆಸ್ಪತ್ರೆಗೆ ಬನ್ನಿ. ಬೆಳೆಯುವ ಮಕ್ಕಳ ಊಟವನ್ನು ಮಾತ್ರ ಯಾರೂ ಕಡಿಮೆ ಮಾಡಬಾರದು.

ಮಕ್ಕಳ ವಿಷಯ ಬಂದದ್ದರಿಂದ ಮುಖ್ಯೋಪಾಧ್ಯಾಯರಲ್ಲಿ ಒಂದು ಕೋರಿಕೆ. ಅಕ್ಷರ ದಾಸೋಹದ ಬಿಸಿಯೂಟಕ್ಕೆ ಮಕ್ಕಳು ಸಾಲು ನಿಲ್ಲುತ್ತಾರೆ, ತಾಟು ತೊಳೆಯಲು ಮತ್ತೆ ಸಾಲು ನಿಲ್ಲುತ್ತಾರೆ. ಇವೆರಡರ ನಡುವೆ ಉಣ್ಣಲು ಉಳಿಯುವುದು ಕೆಲವೇ ನಿಮಿಷ, ಅದರಲ್ಲೂ ಆಟದ ಕಡೆಗೆ ಕಣ್ಣು. ಸಾಲಿನ ಹೊತ್ತು ಬಿಟ್ಟು ಇಪ್ಪತ್ತು ನಿಮಿಷ ಅವರು ಕೂತು ಉಣ್ಣುವಂತೆ ವೇಳಾಪಟ್ಟಿಯಲ್ಲಿ ಜಾಗ ಮಾಡಿಕೊಡಿ, ಒಬ್ಬರೋ ಇಬ್ಬರೋ ಶಿಕ್ಷಕರು ಅವರ ಜೊತೆಗೇ ಕೂತು ಉಣ್ಣಲಿ. ತಾಟು ತೊಳೆಯಲು ಇನ್ನೂ ನಾಲ್ಕು ನಳ ಬೇಕಾದರೆ ಅದರ ಖರ್ಚನ್ನು ನಮ್ಮ ಹಳೆಯ ವಿದ್ಯಾರ್ಥಿ ಬಳಗ ನೋಡಿಕೊಳ್ಳಲಿ. ನನ್ನ ಪಾಲು ಇವತ್ತೇ ಕೊಟ್ಟು ಹೋಗುತ್ತೇನೆ. ಉಳಿದವರು ತಮ್ಮ ಹೆಸರನ್ನು ಬಾಗಿಲ ಬಳಿಯ ಮೇಜಿನಲ್ಲಿ ಬರೆಸಬೇಕೆಂದು ಕೇಳಿಕೊಳ್ಳುತ್ತೇನೆ.